ಸಭಾ ವೈವಿಧ್ಯ ಸಮ್ಮೇಳನಕ್ಕೆ ಅಟ್ಲಾಂಟಾಗೆ ಹೊರಟ ದಂಪತಿಗೆ: ಅಲಬಾಮಾ ಮೊದಲು, ಅಕ್ವೇರಿಯಂ ಕೊನೆಗೆ

ಜನಾಂಗ, ಭಾಷೆ, ವಲಸೆ ಮತ್ತು ಸಮಾನತೆಯ ಪ್ರಶ್ನೆಗಳನ್ನು ಕುರಿತು ಅಮೆರಿಕದ ಕ್ರೈಸ್ತ ಸಭೆಗಳು (ಚರ್ಚುಗಳು) ನಡೆಸುವ ಸಮ್ಮೇಳನಗಳಿಗೆ ಈಗ ನಮ್ಮವರಿಗೂ ಆಹ್ವಾನ ಬರುತ್ತದೆ. ಕೆಲವರು ಮಂಗಳೂರು, ಧಾರವಾಡ, ಬೆಂಗಳೂರಿನಿಂದ ಹೋಗುವ ಸಭಾಪಾಲಕರು. ಕೆಲವರು ಅಲ್ಲಿಯೇ ನೆಲೆಸಿ, ಅಲ್ಲಿನ ಸಭೆಯಲ್ಲಿ ಸದಸ್ಯರಾಗಿರುವ ಕನ್ನಡ ಕುಟುಂಬದವರು. ಅಯ್ಯನವರಿಗೆ ಆಹ್ವಾನ ಬಂದರೆ ಅಮ್ಮನವರೂ ಜೊತೆಗೆ ಹೊರಡುವುದು, ಅಥವಾ ಮಹಿಳಾ ಸಂಘದ ಕಾರ್ಯದರ್ಶಿಗೆ ಬಂದ ಆಹ್ವಾನದ ಬೆನ್ನಿಗೆ ಅವರ ಯಜಮಾನರೂ ರಜೆ ಹಾಕುವುದು ಸಹಜ. ಅಷ್ಟು ದೂರ ಹೋದ ಮೇಲೆ ಊರು ನೋಡದೆ ಬರುವುದುಂಟೇ ಎಂಬುದೂ ಸಹಜವಾದ ಮಾತೇ. ಈ ಲೇಖನ ಅಂಥ ದಂಪತಿಗಾಗಿ, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಸಮ್ಮೇಳನವಿದೆ ಎಂದು ಇಟ್ಟುಕೊಂಡು ಬರೆದದ್ದು.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಬಹಳಷ್ಟು ಜನ ಸಮ್ಮೇಳನವನ್ನು ಮೊದಲು ಮುಗಿಸಿ, ಆಮೇಲೆ ಉಳಿದ ದಿನಗಳಲ್ಲಿ ಸುತ್ತಾಟ ಇಟ್ಟುಕೊಳ್ಳುತ್ತಾರೆ. ನಾನೂ ನನ್ನ ಪತ್ನಿಯೂ ಮೊದಲ ಸಲ ಹಾಗೆಯೇ ಮಾಡಿದೆವು. ಶುಕ್ರವಾರ ಚರ್ಚಾಗುಂಪಿನಲ್ಲಿ ಹಿರಿಯ ಕಪ್ಪು ಮಹಿಳೆಯೊಬ್ಬರು ತಾವು ಬೆಳೆದ, ಪಕ್ಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ ಬಗ್ಗೆ ಹೇಳಿದ್ದನ್ನು ತಲೆದೂಗುತ್ತ ಕೇಳಿ, ಸೋಮವಾರ ಆ ಊರಿನ ಬೀದಿಯಲ್ಲಿ ನಿಂತಾಗ, ಅವರು ಹೇಳಿದ್ದೇನೆಂದು ನಮಗೆ ಅರ್ಥವಾಗಿರಲೇ ಇಲ್ಲವೆಂಬುದು ಗೊತ್ತಾಯಿತು. ಕೇಳಬೇಕಾಗಿದ್ದ ಪ್ರಶ್ನೆಗಳು ಹೊಳೆಯುವ ಹೊತ್ತಿಗೆ ಉತ್ತರಿಸಬೇಕಾದವರು ಊರು ಸೇರಿದ್ದರು. ಆದ್ದರಿಂದ ಇಲ್ಲಿ ಕೊಟ್ಟಿರುವ ಕ್ರಮ ತಲೆಕೆಳಗಾಗಿದೆ: ಅಲಬಾಮಾದ ಮೂರು ದಿನ ಮೊದಲು, ಸಮ್ಮೇಳನ ನಡುವೆ, ಅಟ್ಲಾಂಟಾದ ಮೋಜು ಕೊನೆಗೆ.

ಹೊರಡುವ ಮೊದಲು: ಕಾಗದಪತ್ರ

ಭಾರತದಿಂದ ಹೋಗುವವರು ಆಹ್ವಾನ ಪತ್ರ ಬಂದ ದಿನವೇ ವೀಸಾ ಕೆಲಸ ಆರಂಭಿಸಬೇಕು. ಸಮ್ಮೇಳನಕ್ಕೆ ಹೋಗುವವರಿಗೆ ಬೇಕಾದದ್ದು ಬಿ1, ಪ್ರವಾಸಿಗೆ ಬೇಕಾದದ್ದು ಬಿ2. ಭಾರತೀಯರಿಗೆ ಸಾಮಾನ್ಯವಾಗಿ ಎರಡನ್ನೂ ಸೇರಿಸಿ ಒಂದೇ ವೀಸಾ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಡಿಎಸ್-160 ಅರ್ಜಿಯನ್ನು ಪ್ರತ್ಯೇಕವಾಗಿ ತುಂಬಬೇಕು, ಶುಲ್ಕವನ್ನೂ ಪ್ರತ್ಯೇಕವಾಗಿ ಕಟ್ಟಬೇಕು. 2023ರ ಜೂನ್‌ನಿಂದ ಮೂಲ ಅರ್ಜಿ ಶುಲ್ಕ ತಲಾ 185 ಡಾಲರ್ ಆಗಿದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸಂದರ್ಶನ ಅಂದೇ ಶುರುವಾಗಲಿಲ್ಲ. ಅರ್ಜಿ ಹಾಕುವಾಗ ಚೆನ್ನೈ, ಹೈದರಾಬಾದ್ ಸೇರಿದಂತೆ ಎಲ್ಲಿ ಬೇಗ ದಿನಾಂಕ ಸಿಗುತ್ತದೆಯೋ ನೋಡಿಕೊಳ್ಳಿ. ಸಂಘಟಕರಿಂದ ತರಿಸಿಕೊಳ್ಳುವ ಪತ್ರದಲ್ಲಿ ಜೊತೆಗೆ ಬರುವವರ ಹೆಸರೂ ಇರಲಿ. ಸಂದರ್ಶನದಲ್ಲಿ ಪ್ರವಾಸದ ಮಾತನ್ನು ಮುಚ್ಚಿಡುವ ಅಗತ್ಯವಿಲ್ಲ. ಮೂರು ದಿನದ ಸಮ್ಮೇಳನಕ್ಕೆ ಹತ್ತು ದಿನ ಏಕೆ ಎಂದು ಕೇಳಿದರೆ ದಿನವಾರು ಯೋಜನೆಯನ್ನು ಹೇಳುವುದೇ ಒಳ್ಳೆಯ ಉತ್ತರ.

ಕಾರು ಓಡಿಸುವವರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಪರವಾನಗಿಯ ಜೊತೆಗೆ ಇಟ್ಟುಕೊಳ್ಳುವುದು ಕ್ಷೇಮ. ಪ್ರವಾಸ ವಿಮೆಯನ್ನು ಇಬ್ಬರಿಗೂ ಮಾಡಿಸಿ. ಅದರಲ್ಲಿ ಉಳಿತಾಯ ನೋಡಬೇಡಿ. ಸಮ್ಮೇಳನದವರು ಹೋಟೆಲ್ ಜೊತೆ ಮಾತಾಡಿ ಕಡಿಮೆ ದರದಲ್ಲಿ ಕಾದಿರಿಸಿದ ಕೋಣೆಗಳು ಬೇಗ ಮುಗಿಯುತ್ತವೆ, ಮತ್ತು ಆ ದರವನ್ನು ಸಮ್ಮೇಳನದ ಹಿಂದಿನ ಮುಂದಿನ ಒಂದೆರಡು ದಿನಕ್ಕೂ ಕೊಡುವುದುಂಟು. ಕೇಳಿದವರಿಗೆ ಮಾತ್ರ ಕೊಡುತ್ತಾರೆ. ನೋಂದಣಿ ಒಬ್ಬರಿಗೆ ಮಾತ್ರವೋ ಇಬ್ಬರಿಗೂ ಬೇಕೋ ಎಂಬುದನ್ನು ಮನೆಯಲ್ಲಿಯೇ ಕುಳಿತು ತೀರ್ಮಾನಿಸಿ. ಎಲ್ಲ ಗೋಷ್ಠಿಗಳಿಗೂ ಆಸಕ್ತಿಯಿಲ್ಲದ ಸಂಗಾತಿಗೆ ಪೂರ್ತಿ ಶುಲ್ಕ ಕಟ್ಟಿ ಕೂರಿಸುವುದಕ್ಕಿಂತ, ಆರಂಭದ ಆರಾಧನೆಗೂ ಒಂದು ಭೋಜನಕ್ಕೂ ಅತಿಥಿಯಾಗಿ ಬರಲು ಅವಕಾಶವಿದೆಯೇ ಎಂದು ವಿಚಾರಿಸುವುದು ಮೇಲು.

ಹೊರಡುವ ಮೊದಲು: ತಿಳಿದುಕೊಳ್ಳಬೇಕಾದದ್ದು

ಸೂಟ್‌ಕೇಸಿಗಿಂತ ಈ ಸಿದ್ಧತೆ ಮುಖ್ಯ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತು ಕ್ರೈಸ್ತ ಅಮೆರಿಕದಲ್ಲಿ ಜನಾಂಗಗಳು ಅತಿ ಹೆಚ್ಚು ಬೇರೆ ಬೇರೆಯಾಗಿರುವ ಹೊತ್ತುಗಳಲ್ಲೊಂದು ಎಂದು ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ನಾಯಕರೂ ಸಭಾಪಾಲಕರೂ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ 1960ರಲ್ಲಿ ಟೆಲಿವಿಷನ್ ಸಂದರ್ಶನವೊಂದರಲ್ಲಿ ಹೇಳಿದ್ದರು. ಇಂಥ ಸಮ್ಮೇಳನಗಳಲ್ಲಿ ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅದರ ಹಿಂದಿನ ಚರಿತ್ರೆಯನ್ನು ಕೆಲವು ಸಂಗತಿಗಳಲ್ಲಿ ಹಿಡಿಯಬಹುದು. ಫಿಲಡೆಲ್ಫಿಯಾದ ಮೆಥಡಿಸ್ಟ್ ಸಭೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು ಎಬ್ಬಿಸಿ ಕಳಿಸಿದ್ದರಿಂದ ನೊಂದು ಹೊರಬಂದವರಲ್ಲಿ ಒಬ್ಬರಾದ ರಿಚರ್ಡ್ ಆಲನ್ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಸ್ಥಾಪಕರಾದರು. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ, ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಿಂದ ಹುಟ್ಟಿತು, ಮತ್ತು ಅದಕ್ಕಾಗಿ 1995ರಲ್ಲಿ ಇದೇ ಅಟ್ಲಾಂಟಾದಲ್ಲಿ ಕ್ಷಮೆ ಕೇಳುವ ನಿರ್ಣಯ ಮಾಡಿತು. ಮೆಥಡಿಸ್ಟರು 1939ರಲ್ಲಿ ಒಂದಾದಾಗ ತಮ್ಮಲ್ಲಿದ್ದ ಕಪ್ಪು ಸಭೆಗಳನ್ನು ‘ಸೆಂಟ್ರಲ್ ಜ್ಯೂರಿಸ್‌ಡಿಕ್ಷನ್’ ಎಂಬ ಪ್ರತ್ಯೇಕ ಆಡಳಿತಕ್ಕೆ ಸೇರಿಸಿದ್ದರು. ಅದು ರದ್ದಾದದ್ದು 1968ರಲ್ಲಿ.

ಇದರ ಜೊತೆಗೆ ಕಿಂಗ್ ಅವರು 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರವನ್ನು ಇಬ್ಬರೂ ಓದಿಕೊಳ್ಳಿ. ಅದು ಸರ್ಕಾರಕ್ಕೆ ಬರೆದ ಪತ್ರವಲ್ಲ. ಚಳವಳಿ ಈಗ ಬೇಡ, ಸ್ವಲ್ಪ ತಾಳಿ ಎಂದು ಹೇಳಿಕೆ ಕೊಟ್ಟಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದದ್ದು. ಒಂದು ಸಂಜೆಯಲ್ಲಿ ಮುಗಿಯುವ ಓದು.

ನಮ್ಮ ಊರಿನ ಪಾಠವನ್ನೂ ಮರೆಯದೆ ಕಟ್ಟಿಕೊಂಡು ಹೋಗಬೇಕು, ಏಕೆಂದರೆ ಚಹಾದ ವಿರಾಮದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ನಿಮ್ಮ ಸಭೆಗಳಲ್ಲಿ ಜಾತಿ ಇದೆಯೇ? ಕ್ರೈಸ್ತರಲ್ಲಿ ಅದೆಲ್ಲ ಇಲ್ಲ ಎಂದು ಜಾರಿಕೊಳ್ಳುವುದು ಪ್ರಾಮಾಣಿಕವಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯ 1950ರ ರಾಷ್ಟ್ರಪತಿ ಆದೇಶ ಮೊದಲಿಗೆ ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು, ದಲಿತ ಕ್ರೈಸ್ತರು ಹೊರಗೇ ಉಳಿದರು ಎಂಬ ಸಂಗತಿಯನ್ನು ತಿಳಿದಿದ್ದರೆ ಉತ್ತರ ಕೊಡುವುದು ಸುಲಭ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪರಂಪರೆಗಳನ್ನು ಕೂಡಿಸಿ ದಕ್ಷಿಣ ಭಾರತ ಸಭೆ ಕಟ್ಟಿದ್ದನ್ನು ಹೆಮ್ಮೆಯಿಂದ ಹೇಳಿ. ಹಾಗೆಯೇ, ಬೆಂಗಳೂರಿನಲ್ಲಿ ಒಂದೇ ಕಾಂಪೌಂಡಿನೊಳಗೆ ಏಳು ಗಂಟೆಗೆ ಒಂದು ಭಾಷೆಯ, ಒಂಬತ್ತಕ್ಕೆ ಇನ್ನೊಂದು ಭಾಷೆಯ ಆರಾಧನೆ ನಡೆದು, ಒಬ್ಬರು ಹೊರಬರುವಾಗ ಇನ್ನೊಬ್ಬರು ಒಳಹೋಗುತ್ತ, ಗೇಟಿನ ಬಳಿ ಮಾತ್ರ ಭೇಟಿಯಾಗುವುದನ್ನೂ ಹೇಳಿ. ಕಿಂಗ್ ಹೇಳಿದ ಹನ್ನೊಂದು ಗಂಟೆ ನಮ್ಮಲ್ಲೂ ಇದೆ, ವೇಳಾಪಟ್ಟಿ ಮಾತ್ರ ಬೇರೆ.

ಶನಿವಾರ, ಭಾನುವಾರ, ಸೋಮವಾರ: ತಲುಪುವುದು, ಮಲಗುವುದು

ಸಮ್ಮೇಳನ ಗುರುವಾರ ಸಂಜೆ ಆರಂಭವಾಗಿ ಶನಿವಾರ ಮುಗಿಯುತ್ತದೆ ಎಂದು ಇಟ್ಟುಕೊಳ್ಳೋಣ. ಭಾರತದಿಂದ ಬರುವವರು ಹಿಂದಿನ ಶನಿವಾರವೇ ತಲುಪಿದರೆ ಒಳ್ಳೆಯದು. ಹತ್ತು ಗಂಟೆಯ ಆಸುಪಾಸಿನ ಸಮಯ ವ್ಯತ್ಯಾಸ ಹೊತ್ತುಕೊಂಡು ಮರುದಿನವೇ ಹೆದ್ದಾರಿಯಲ್ಲಿ, ಅದೂ ರಸ್ತೆಯ ಬಲಬದಿಯಲ್ಲಿ, ಕಾರು ಓಡಿಸುವುದು ಅಪಾಯ. ಹಾರ್ಟ್ಸ್‌ಫೀಲ್ಡ್-ಜ್ಯಾಕ್ಸನ್ ವಿಮಾನ ನಿಲ್ದಾಣದಲ್ಲಿ ಅಂತರರಾಷ್ಟ್ರೀಯ ಟರ್ಮಿನಲ್ ಒಂದು ಕಡೆ, ಮಾರ್ಟಾ ರೈಲು ಹೊರಡುವ ದೇಶೀಯ ಟರ್ಮಿನಲ್ ಇನ್ನೊಂದು ಕಡೆ ಇವೆ. ನಡುವೆ ಉಚಿತ ಬಸ್ಸಿದೆ. ರೈಲಿನಲ್ಲಿ ಎರಡೂವರೆ ಡಾಲರಿಗೆ ಊರ ನಡುವಿನ ಪೀಚ್‌ಟ್ರೀ ಸೆಂಟರ್ ತಲುಪಬಹುದು. ಅಂದ ಹಾಗೆ, ಈ ಊರಿನಲ್ಲಿ ಪೀಚ್‌ಟ್ರೀ ಎಂಬ ಹೆಸರಿನ ಬೀದಿಗಳು ಹತ್ತಾರು ಇರುವುದರಿಂದ ವಿಳಾಸವನ್ನು ಪೂರ್ತಿ ಬರೆದಿಟ್ಟುಕೊಳ್ಳಿ.

ತಲುಪಿದ ಮೇಲಿನ ಎರಡು ದಿನ ಹೆಚ್ಚೇನೂ ನೋಡಬೇಡಿ. ಅಮೆರಿಕದೊಳಗಿನಿಂದ ಬರುವವರು ಸೋಮವಾರ ರಾತ್ರಿ ತಲುಪಿದರೂ ಸಾಕು.

ಮಂಗಳವಾರ: ಬರ್ಮಿಂಗ್‌ಹ್ಯಾಮ್, ಸಂಜೆ ಸೆಲ್ಮಾ

ಅಟ್ಲಾಂಟಾದಿಂದ ಬರ್ಮಿಂಗ್‌ಹ್ಯಾಮ್ ಸುಮಾರು 235 ಕಿ.ಮೀ., ಅಲ್ಲಿಂದ ಸೆಲ್ಮಾ 145, ಸೆಲ್ಮಾದಿಂದ ಮಾಂಟ್‌ಗಮರಿ 80, ಮಾಂಟ್‌ಗಮರಿಯಿಂದ ಅಟ್ಲಾಂಟಾಗೆ ಹಿಂದಿರುಗಲು 260. ಒಟ್ಟು 720 ಕಿ.ಮೀ. ಆಗುವ ಈ ಸುತ್ತನ್ನು ಇದೇ ದಿಕ್ಕಿನಲ್ಲಿ ಸುತ್ತಿ. ಅಲಬಾಮಾದ ಗಡಿಯಾರ ಜಾರ್ಜಿಯಾಕ್ಕಿಂತ ಒಂದು ಗಂಟೆ ಹಿಂದೆ ಇರುವುದರಿಂದ ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಅದೇ ಗಂಟೆ ನಷ್ಟ. ಗುರುವಾರ ಸಂಜೆಯ ಉದ್ಘಾಟನೆಗೆ ತಡವಾಗಿ ಹೋಗುವವರು ಹೆಚ್ಚಾಗಿ ಈ ಲೆಕ್ಕ ಮರೆತವರು. ಬೆಳಿಗ್ಗೆ ಏಳಕ್ಕೆ ಹೊರಟರೆ ಅಲ್ಲಿನ ಎಂಟೂವರೆಗೆಲ್ಲ ತಲುಪುತ್ತೀರಿ. ಕೆಂಪು ದೀಪವಿದ್ದರೂ ಕಾರನ್ನು ಪೂರ್ತಿ ನಿಲ್ಲಿಸಿ, ನೋಡಿಕೊಂಡು ಬಲಕ್ಕೆ ತಿರುಗಲು ಎರಡೂ ರಾಜ್ಯಗಳಲ್ಲಿ ಅನುಮತಿಯಿದೆ, ಬೇಡವೆಂಬ ಫಲಕ ಇದ್ದಲ್ಲಿ ಮಾತ್ರ ಇಲ್ಲ. ಚಾಲಕರು ಫೋನನ್ನು ಕೈಯಲ್ಲಿ ಹಿಡಿಯುವುದು ಎರಡೂ ಕಡೆ ಅಪರಾಧ. ಪೊಲೀಸರು ನಿಲ್ಲಿಸಿದರೆ ಕಾರಿನಿಂದ ಇಳಿಯದೆ, ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟು ಕುಳಿತಿರಿ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂರು ಜಾಗಗಳು ಒಂದೇ ವೃತ್ತದ ಸುತ್ತ ಇವೆ. ಮೊದಲು ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಸಭೆಗೆ ಹೋಗಿ. ಒಳಗೆ ನೋಡಲು ಮುಂಚಿತವಾಗಿ ಸಮಯ ಕೇಳಿಕೊಳ್ಳಬೇಕು. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10.22ಕ್ಕೆ ಬಿಳಿಯರ ಮೇಲ್ಮೆಗಾಗಿ ಹಿಂಸೆ ನಡೆಸುತ್ತಿದ್ದ ಕ್ಲ್ಯಾನ್ ಸಂಘಟನೆಯವರು ಮೆಟ್ಟಿಲ ಕೆಳಗೆ ಇಟ್ಟಿದ್ದ ಬಾಂಬು ಸಿಡಿದು, ನೆಲಮಾಳಿಗೆಯಲ್ಲಿ ಆರಾಧನೆಗೆ ಸಿದ್ಧವಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್ ಮೂವರಿಗೂ 14 ವರ್ಷ. ಡೆನೀಸ್ ಮೆಕ್‌ನೇರ್‌ಗೆ 11. ಅಪರಾಧಿಗಳಲ್ಲಿ ಮೊದಲನೆಯವನಿಗೆ ಶಿಕ್ಷೆಯಾದದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ. ಒಳಗೆ ಗ್ಯಾಲರಿಯ ಮೇಲಿನ ಗಾಜಿನ ಕಿಟಕಿಯನ್ನು ತಪ್ಪದೆ ನೋಡಿ. ಸುದ್ದಿ ಕೇಳಿದ ವೇಲ್ಸ್ ದೇಶದ ಜನ ಚಿಲ್ಲರೆ ಕಾಸು ಕೂಡಿಸಿ, ಕಲಾವಿದ ಜಾನ್ ಪೆಟ್ಸ್ ಅವರಿಂದ ಮಾಡಿಸಿ 1965ರಲ್ಲಿ ಕೊಟ್ಟ ಕಿಟಕಿಯದು. ಅದರಲ್ಲಿರುವ ಕ್ರಿಸ್ತ ಕಪ್ಪು ಮನುಷ್ಯ. ಒಂದು ಕೈ ದ್ವೇಷವನ್ನು ತಡೆಯುವಂತೆ ಹೊರಳಿದೆ, ಇನ್ನೊಂದು ಕ್ಷಮೆ ನೀಡುವಂತೆ ಚಾಚಿದೆ. ನೀಲಿ ಕಣ್ಣಿನ, ಹೊಂಬಣ್ಣದ ಕೂದಲಿನ ಯೇಸುವಿನ ಕ್ಯಾಲೆಂಡರ್ ನೋಡುತ್ತ ಬೆಳೆದ ನಮ್ಮಂಥವರಿಗೆ, ವೈವಿಧ್ಯದ ಮೇಲಿನ ಹತ್ತು ಉಪನ್ಯಾಸ ಮಾಡದ ಕೆಲಸವನ್ನು ಆ ಕಿಟಕಿ ಹತ್ತು ನಿಮಿಷದಲ್ಲಿ ಮಾಡುತ್ತದೆ.

ಎದುರಿಗಿರುವ ಕೆಲ್ಲಿ ಇನ್‌ಗ್ರಮ್ ಉದ್ಯಾನದಲ್ಲಿ, 1963ರ ಮೇ ತಿಂಗಳಲ್ಲಿ ಶಾಲಾಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಟ್ಟದ್ದನ್ನು ನೆನಪಿಸುವ ಶಿಲ್ಪಗಳಿವೆ. ಎರಡು ಕಡೆಯಿಂದ ಹಾರಿಬರುವ ಲೋಹದ ನಾಯಿಗಳ ನಡುವೆಯೇ ನಡೆದುಹೋಗುವ ದಾರಿಯಿದೆ. ಪಕ್ಕದಲ್ಲಿ 1992ರಲ್ಲಿ ತೆರೆದ ನಾಗರಿಕ ಹಕ್ಕುಗಳ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ.

ಮಧ್ಯಾಹ್ನ ಎರಡಕ್ಕೆ ಹೊರಟರೆ ಇಳಿಬಿಸಿಲಿಗೆ ಸೆಲ್ಮಾ ತಲುಪಬಹುದು. 1965ರ ಮಾರ್ಚ್ 7ರಂದು ಬ್ರೌನ್ ಚಾಪೆಲ್ ಎಂಬ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯಿಂದ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯನ್ನು ಪೊಲೀಸರು ಲಾಠಿ, ಅಶ್ರುವಾಯು ಬಳಸಿ ಬಡಿದಟ್ಟಿದ್ದು ಇಲ್ಲಿನ ಎಡ್ಮಂಡ್ ಪೆಟಸ್ ಸೇತುವೆಯ ಆಚೆ ತುದಿಯಲ್ಲಿ. ಸೇತುವೆಗೆ ಹೆಸರಾದ ಪೆಟಸ್, ಗುಲಾಮಗಿರಿ ಉಳಿಸಿಕೊಳ್ಳಲು 1861ರಲ್ಲಿ ಅಮೆರಿಕದಿಂದ ಸಿಡಿದುಹೋದ ದಕ್ಷಿಣ ರಾಜ್ಯಗಳ ಬಂಡಾಯ ಸೇನೆಯ ಅಧಿಕಾರಿಯಾಗಿದ್ದವನು ಎಂಬುದು ವಿಪರ್ಯಾಸ. ಕಾರನ್ನು ಊರ ಕಡೆ ನಿಲ್ಲಿಸಿ, ಇಬ್ಬರೂ ನಡೆದು ದಾಟಿ. ಸೇತುವೆ ನಡುವೆ ಉಬ್ಬಿರುವುದರಿಂದ ನೆತ್ತಿಗೆ ಬರುವವರೆಗೂ ಆಚೆ ಏನು ಕಾದಿದೆ ಎಂಬುದು ಕಾಣುವುದಿಲ್ಲ. ಇದನ್ನು ಕಾರಿನಲ್ಲಿ ದಾಟಿದವರಿಗೆ ತಿಳಿಯುವುದಿಲ್ಲ. ಮಾರ್ಚ್ ಮೊದಲ ವಾರಾಂತ್ಯದಲ್ಲಿ ವಾರ್ಷಿಕ ಸ್ಮರಣೆಗೆ ಭಾರಿ ಜನ ಸೇರುವುದರಿಂದ ಆ ದಿನಗಳಲ್ಲಿ ಹೋಗುವವರು ಕೋಣೆಯನ್ನು ತಿಂಗಳುಗಳ ಮುಂಚೆ ಹಿಡಿಯಬೇಕು. ಕತ್ತಲಾಗುವ ಮೊದಲು ಮಾಂಟ್‌ಗಮರಿ ಸೇರಿ ಮಲಗಿ. ನೀವು ಹೋಗುವ ಹೆದ್ದಾರಿಯೇ, 1965ರ ಮಾರ್ಚ್ 21ರಿಂದ 25ರವರೆಗೆ ಮೆರವಣಿಗೆಯವರು ನಡೆದ 54 ಮೈಲಿಯ ದಾರಿ.

ಬುಧವಾರ: ಮಾಂಟ್‌ಗಮರಿ

ಈ ದಿನಕ್ಕೆ ಬೇರೆ ಏನನ್ನೂ ಸೇರಿಸಬೇಡಿ. ಲೆಗಸಿ ಮ್ಯೂಸಿಯಂ, ನ್ಯಾಷನಲ್ ಮೆಮೋರಿಯಲ್ ಫಾರ್ ಪೀಸ್ ಆ್ಯಂಡ್ ಜಸ್ಟಿಸ್ ಮತ್ತು 2024ರಲ್ಲಿ ನದೀತೀರದಲ್ಲಿ ತೆರೆದ ಶಿಲ್ಪವನ ಮೂರಕ್ಕೂ ಸೇರಿ ಒಂದೇ ಟಿಕೆಟ್, ಬೆಲೆ ಐದು ಡಾಲರ್. ಸಾಮಾನ್ಯವಾಗಿ ಸೋಮವಾರ ಮಂಗಳವಾರ ರಜೆ ಇರುವುದರಿಂದಲೇ ಈ ಯೋಜನೆಯಲ್ಲಿ ಮಾಂಟ್‌ಗಮರಿ ಬುಧವಾರಕ್ಕೆ ಬಂದಿದೆ. ಗುಲಾಮರನ್ನು ದುಡಿಸಿಕೊಂಡ ಹತ್ತಿ ಗೋದಾಮಿನ ಜಾಗದಲ್ಲಿ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ಒಳಗೆ ಚಿತ್ರ ತೆಗೆಯುವಂತಿಲ್ಲ, ತೆಗೆಯಬೇಕೆಂದು ಅನ್ನಿಸುವುದೂ ಇಲ್ಲ.

2018ರಲ್ಲಿ ತೆರೆದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಒಂದೊಂದೂ ಒಂದು ಕೌಂಟಿಯ, ಎಂದರೆ ಜಿಲ್ಲೆಯ, ಹೆಸರಿನದು. 1877ರಿಂದ 1950ರವರೆಗೆ ಗುಂಪುಗಳು ನೇಣು ಹಾಕಿ, ಸುಟ್ಟು, ಗುಂಡಿಕ್ಕಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಹೆಸರುಗಳನ್ನು ಅವುಗಳ ಮೇಲೆ ಕೊರೆಯಲಾಗಿದೆ. ಆರಂಭದಲ್ಲಿ ಕಂಬಗಳು ನಿಮ್ಮ ಎತ್ತರಕ್ಕೇ ನಿಂತಿರುತ್ತವೆ. ನಡೆಯುತ್ತ ಹೋದಂತೆ ಕಾಲಡಿಯ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ, ಹೆಸರು ಓದಲು ಕತ್ತೆತ್ತಬೇಕಾಗುತ್ತದೆ. ಮೆಟ್ಟಿಲು ಕಡಿಮೆ, ಇಳಿಜಾರು ಹೆಚ್ಚು; ಮೊಣಕಾಲು ನೋವಿರುವವರು ನಿಧಾನವಾಗಿ ನಡೆಯಲಿ.

ಇಲ್ಲಿ ದಂಪತಿಗೆ ಒಂದು ಸಲಹೆ. ಒಳಗೆ ಇಬ್ಬರೂ ಅಂಟಿಕೊಂಡೇ ನಡೆಯಬೇಕಾಗಿಲ್ಲ. ಒಬ್ಬರಿಗೆ ಎಲ್ಲವನ್ನೂ ಓದುವ ಅಭ್ಯಾಸ, ಇನ್ನೊಬ್ಬರಿಗೆ ಒಂದೇ ಕಡೆ ಸುಮ್ಮನೆ ನಿಲ್ಲುವ ಸ್ವಭಾವ. ಬೇರೆಯಾಗಿ ನೋಡಿ, ಹೊರಗೆ ಸೇರಿ, ಊಟವಾದ ಮೇಲೆ ಮಾತಾಡಿ. ನಾವು ಅಂದು ಮಧ್ಯಾಹ್ನ ಒಂದು ಗಂಟೆ ಏನೂ ಮಾತಾಡಲಿಲ್ಲ.

ಗುರುವಾರ: ಡೆಕ್ಸ್‌ಟರ್ ಅವೆನ್ಯೂ, ಟಸ್ಕೀಗಿ, ಹಿಂದಕ್ಕೆ

ಬೆಳಿಗ್ಗೆ ಡೆಕ್ಸ್‌ಟರ್ ಅವೆನ್ಯೂ ಸಭೆಗೆ ಹೋಗಿ. ಕಿಂಗ್ 1954ರಿಂದ 1960ರವರೆಗೆ ಪಾಲಕರಾಗಿದ್ದ ಚಿಕ್ಕ ಇಟ್ಟಿಗೆ ಕಟ್ಟಡವದು. ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ 1955ರ ಡಿಸೆಂಬರ್ 1ರಂದು ಬಂಧಿತರಾದ ಮೇಲೆ 381 ದಿನ ನಡೆದ ಬಸ್ ಬಹಿಷ್ಕಾರದ ಸಭೆ ಸೇರುತ್ತಿದ್ದ ಜಾಗಗಳಲ್ಲಿ ಇದೂ ಒಂದು. ಬಾಗಿಲಲ್ಲಿ ನಿಂತರೆ ಎದುರಿಗೇ ರಾಜ್ಯ ಶಾಸನಭವನ. 1861ರಲ್ಲಿ ಜೆಫರ್‌ಸನ್ ಡೇವಿಸ್ ಬಂಡಾಯ ರಾಜ್ಯಗಳ ಅಧ್ಯಕ್ಷನಾಗಿ ಪ್ರಮಾಣ ಮಾಡಿದ್ದು ಅಲ್ಲಿ. ಪಾಲಕರ ಮನೆ ಅಲ್ಲಿಂದ ಸ್ವಲ್ಪ ದೂರದಲ್ಲಿದೆ. 1956ರ ಜನವರಿ 30ರ ರಾತ್ರಿ ಅದರ ಜಗಲಿಗೆ ಬಾಂಬು ಎಸೆದಾಗ ಕಿಂಗ್ ಸಭೆಯಲ್ಲಿದ್ದರು, ಒಳಗಿದ್ದದ್ದು ಪತ್ನಿ ಕೊರೆಟಾ ಮತ್ತು ಹಸುಗೂಸು. ಸಭಾಪಾಲಕರ ಹೆಂಡತಿಯರ ಪಾಲಿಗೆ ಏನೇನು ಬರುತ್ತದೆ ಎಂಬುದನ್ನು ಸಮ್ಮೇಳನಗಳು ಅಷ್ಟಾಗಿ ಚರ್ಚಿಸುವುದಿಲ್ಲ, ಆ ಮನೆ ಚರ್ಚಿಸುತ್ತದೆ.

ದಾರಿಯಲ್ಲಿ ಟಸ್ಕೀಗಿ ಸಿಗುತ್ತದೆ. ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ 1881ರಿಂದ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಯನ್ನು ಒಂದು ಗಂಟೆ ನೋಡಿ ಹೊರಡಿ. ಅಟ್ಲಾಂಟಾ ಗಡಿಯಾರದ ಮೂರು ಗಂಟೆಯೊಳಗೆ ಹೋಟೆಲ್ ತಲುಪಿ, ಸ್ನಾನ ಮಾಡಿ, ಉದ್ಘಾಟನೆಗೆ ಹೋಗಿ.

ಸಮ್ಮೇಳನದ ಒಳಗೆ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಕಾರ್ಯಕ್ರಮ ಪಟ್ಟಿ ಕೈಗೆ ಸಿಗುತ್ತದೆ. ವೇದಿಕೆಯ ಭಾಷಣಗಳನ್ನು ಮನೆಯಲ್ಲಿ ಕುಳಿತೂ ಕೇಳಬಹುದು. ಸಣ್ಣ ಗುಂಪುಗಳನ್ನು ತಪ್ಪಿಸಬೇಡಿ. ಕೆಲವು ಸಭೆಗಳು ಆರಂಭದಲ್ಲಿ ಆ ನೆಲದ ಮೂಲನಿವಾಸಿಗಳನ್ನು ನೆನೆಯುತ್ತವೆ. ಈ ಭಾಗದಲ್ಲಿ ಕೇಳಿಬರುವ ಹೆಸರು ಮಸ್ಕೋಗಿ ಮತ್ತು ಚೆರೋಕಿ. ಇಬ್ಬರನ್ನೂ 1830ರ ದಶಕದಲ್ಲಿ ಪಶ್ಚಿಮಕ್ಕೆ ಅಟ್ಟಲಾಯಿತು. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯಲ್ಲಿ ನಿಮ್ಮ ಹೆಸರನ್ನು ನೀವು ಕರೆಸಿಕೊಳ್ಳುವಂತೆಯೇ ಬರೆಸಿ, ತಪ್ಪಾಗಿ ಉಚ್ಚರಿಸಿದರೆ ಮೊದಲ ದಿನವೇ ತಿದ್ದಿ. ಎಲ್ಲ ಭಾರತೀಯರ ಪರವಾಗಿ, ಎಲ್ಲ ಏಷ್ಯನ್ನರ ಪರವಾಗಿ ಹೇಳಿ ಎಂದು ಕೇಳಿದಾಗ, ನನ್ನ ಸಭೆಯದನ್ನು ಮಾತ್ರ ಹೇಳಬಲ್ಲೆ ಎಂದು ನಗುತ್ತಲೇ ಹೇಳಿ. ಇನ್ನೊಬ್ಬರು ತಮ್ಮ ನೋವು ಹೇಳಿಕೊಳ್ಳುತ್ತಿರುವಾಗ, ನಮ್ಮಲ್ಲೂ ಹೀಗೇ ಎಂದು ನಡುವೆ ಬಾಯಿ ಹಾಕುವ ನಮ್ಮ ಅಭ್ಯಾಸವನ್ನು ಮಾತ್ರ ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಅದು ಆಪ್ತತೆಯಿಂದ ಬರುವ ಮಾತಾದರೂ ಅವರ ಕಿವಿಗೆ ಹಾಗೆ ಕೇಳುವುದಿಲ್ಲ.

ಸಮ್ಮೇಳನದ ಹೊರಗೆ: ಜೊತೆಗೆ ಬಂದವರು

ಶುಕ್ರವಾರ, ಶನಿವಾರ ಎರಡು ಹಗಲು ಹೋಟೆಲ್ ಕೋಣೆಯಲ್ಲಿ ಟಿವಿ ನೋಡುತ್ತ ಕುಳಿತವರ ಮುಖ ಸಂಜೆ ಹೇಗಿರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಪೀಚ್‌ಟ್ರೀ ಸೆಂಟರ್‌ನಿಂದ ಟ್ರಾಮ್ ಹಿಡಿದರೆ ಕಿಂಗ್ ಅವರ ಹೆಸರಿನ ರಾಷ್ಟ್ರೀಯ ಉದ್ಯಾನಕ್ಕೆ ಒಬ್ಬರೇ ಸುಲಭವಾಗಿ ಹೋಗಬಹುದು; ಪ್ರವೇಶ ಉಚಿತ. ಅವರು ಹುಟ್ಟಿದ ಮನೆ ಆಬರ್ನ್ ಅವೆನ್ಯೂವಿನ 501ನೇ ಸಂಖ್ಯೆಯದು. ದುರಸ್ತಿಗಾಗಿ 2023ರ ಕೊನೆಯಲ್ಲಿ ಮುಚ್ಚಿದ್ದರಿಂದ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೊಳದ ನಡುವೆ ಕಿಂಗ್ ಮತ್ತು ಕೊರೆಟಾ ಅವರ ಸಮಾಧಿಗಳು ಅಕ್ಕಪಕ್ಕದಲ್ಲಿವೆ. ಸಂದರ್ಶಕರ ಕೇಂದ್ರದ ಬಳಿ ಗಾಂಧೀಜಿಯ ಪ್ರತಿಮೆಯಿದೆ.

ಅದನ್ನು ಅಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಕಿಂಗ್ ದಂಪತಿ 1959ರ ಫೆಬ್ರುವರಿ ಮಾರ್ಚ್‌ನಲ್ಲಿ ಒಂದು ತಿಂಗಳು ಭಾರತ ಸುತ್ತಿದ್ದರು. ಕೆಲಸವನ್ನೂ ಊರು ನೋಡುವುದನ್ನೂ ಬೆರೆಸಿದ ಪ್ರವಾಸವೇ ಅದು. ತಿರುವನಂತಪುರದ ದಲಿತ ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ತಮ್ಮನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದಾಗ ಮೊದಲು ಸಿಟ್ಟು ಬಂದು, ಆಮೇಲೆ ಯೋಚಿಸಿ, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡದ್ದನ್ನು ಕಿಂಗ್ 1965ರ ಜುಲೈ 4ರಂದು ತಾವು ಪಾಲಕರಾಗಿದ್ದ ಎಬೆನೇಜರ್ ಸಭೆಯ ಪ್ರಸಂಗದಲ್ಲಿ (ಉಪದೇಶದಲ್ಲಿ) ಹೇಳಿದರು.

ಇನ್ನೊಂದು ಹಗಲು ಡೆಕೇಟರ್ ಕಡೆಗೆ ಹೋಗಿ. ಪಟೇಲ್ ಪ್ಲಾಜಾ ಸುತ್ತಮುತ್ತ ಭಾರತೀಯ ದಿನಸಿ, ತಿಂಡಿ ಎಲ್ಲ ಸಿಗುತ್ತದೆ. ಐದು ದಿನ ಬ್ರೆಡ್ಡು ತಿಂದವರಿಗೆ ಬಿಸಿ ದೋಸೆಯ ಮಹಿಮೆ ಗೊತ್ತಾಗುವುದು ಅಲ್ಲಿ. ಸಮೀಪದ ಕ್ಲಾರ್ಕ್‌ಸ್ಟನ್ ಎಂಬ ಚಿಕ್ಕ ಊರು ದಶಕಗಳಿಂದ ನಾನಾ ದೇಶಗಳ ನಿರಾಶ್ರಿತರಿಗೆ ನೆಲೆ ಕೊಟ್ಟಿದೆ. ಸಮ್ಮೇಳನದೊಳಗೆ ಕುಳಿತವರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೋ ಅದನ್ನು ಅಲ್ಲಿನ ಅಂಗಡಿ ಸಾಲಿನಲ್ಲಿ ಕಣ್ಣಾರೆ ಕಾಣಬಹುದು. ಸಂಜೆಯ ಊಟವನ್ನು ಮಾತ್ರ ಇಬ್ಬರೇ ಮಾಡಿ. ಒಬ್ಬರು ಕೇಳಿದ್ದು, ಇನ್ನೊಬ್ಬರು ನೋಡಿದ್ದು ಎರಡೂ ಆ ಮೇಜಿಗೆ ಬರಲಿ.

ಊಟದ ವಿಷಯ ಬಂದದ್ದರಿಂದ: ಸಸ್ಯಾಹಾರಿಗಳು ಸೊಪ್ಪಿನ ಪಲ್ಯ, ಬೀನ್ಸ್ ಎಂದು ನಂಬಿ ತರಿಸಿಕೊಳ್ಳಬಾರದು, ದಕ್ಷಿಣದ ಅಡುಗೆಯಲ್ಲಿ ಕಾಲರ್ಡ್ ಸೊಪ್ಪನ್ನು ಹಂದಿಮಾಂಸದ ತುಂಡು ಹಾಕಿಯೇ ಬೇಯಿಸುವುದು ರೂಢಿ. ಕೇಳಿದರೆ ಬೇಸರಿಸದೆ ಹೇಳುತ್ತಾರೆ. ಬೆಂಡೆಕಾಯಿಯೂ ಅಲಸಂದೆಯೂ ಅಲ್ಲಿನ ಮನೆಯೂಟವೇ, ಆಫ್ರಿಕಾದಿಂದ ಗುಲಾಮರ ಹಡಗುಗಳ ಕಾಲದಲ್ಲಿ ಬಂದವು. ಹೆದ್ದಾರಿ ಬದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ ಮಾರುತ್ತಾರೆ. ಬಸವನಗುಡಿಯ ಪರಿಷೆ ನೋಡಿದವರು ನಿಲ್ಲಿಸದೆ ಮುಂದೆ ಹೋಗಲಾರರು.

ಭಾನುವಾರ: ಎಬೆನೇಜರ್

ಕಿಂಗ್, ಅವರ ತಂದೆ, ತಾಯಿಯ ತಂದೆ ಮೂವರೂ ಪಾಲಕರಾಗಿದ್ದ ಸಭೆ ಎಬೆನೇಜರ್ ಬ್ಯಾಪ್ಟಿಸ್ಟ್. ಹಳೆಯ ಕಟ್ಟಡ ಈಗ ಸ್ಮಾರಕ. ಆರಾಧನೆ ನಡೆಯುವುದು ಎದುರಿನ ಹೊಸ ಕಟ್ಟಡದಲ್ಲಿ. 2005ರಿಂದ ರಾಫೆಲ್ ವಾರ್ನಾಕ್ ಹಿರಿಯ ಪಾಲಕರು, 2021ರಿಂದ ಅವರು ಜಾರ್ಜಿಯಾದ ಸೆನೆಟರ್ ಕೂಡ. ಹಳೆಯ ಕಟ್ಟಡದೊಳಗೆ ಕುಳಿತಾಗ ಆರ್ಗನ್ ಕಡೆ ಒಮ್ಮೆ ನೋಡಿ: ಕಿಂಗ್ ಅವರ ತಾಯಿ ಆಲ್ಬರ್ಟಾ 1974ರ ಜೂನ್ 30ರ ಭಾನುವಾರ ಆರ್ಗನ್ ನುಡಿಸುತ್ತಿದ್ದಾಗ ಗುಂಡಿಗೆ ಬಲಿಯಾದದ್ದು ಇಲ್ಲಿ.

ಅರ್ಧ ಗಂಟೆ ಮುಂಚೆ ಹೋಗಿ. ಜನ ಅಚ್ಚುಕಟ್ಟಾಗಿ ಉಡುಪು ಧರಿಸಿ ಬರುತ್ತಾರೆ, ಸೀರೆ ಅಲ್ಲಿ ಚೆನ್ನಾಗಿ ಒಪ್ಪುತ್ತದೆ. ಆರಾಧನೆ ನಮ್ಮ ಊರಿನ ಲೆಕ್ಕಕ್ಕಿಂತ ಉದ್ದವಿರಬಹುದು, ಪ್ರಸಂಗದ ನಡುವೆ ಜನ ಉತ್ತರ ಕೊಡುತ್ತ ಹೋಗುತ್ತಾರೆ. ಕೈಕಟ್ಟಿ ಕುಳಿತು ಕೇಳಿ ಅಭ್ಯಾಸವಾದವರಿಗೆ ಮೊದಲ ಹತ್ತು ನಿಮಿಷ ಗೊಂದಲವಾಗುತ್ತದೆ. ಹೊಸಬರು ಎದ್ದು ನಿಲ್ಲಿ ಎಂದರೆ ಸಂಕೋಚಪಡದೆ ನಿಲ್ಲಿ. ಕಾಣಿಕೆಗೆ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಪ್ರವಾಸಿಗಳು ಬಂದು ಮೊಬೈಲ್ ಎತ್ತಿ ಹಿಡಿಯುವುದರಿಂದ ಆ ಸಭೆಯವರಿಗೆ ಆಗುವ ಕಿರಿಕಿರಿಯನ್ನು ನೀವೂ ಹೆಚ್ಚಿಸಬೇಡಿ.

ಸೋಮವಾರ: ಕೊನೆಯ ದಿನ

ಈಗ ನಿಶ್ಚಿಂತೆಯಿಂದ ಅಕ್ವೇರಿಯಂ ನೋಡಿ. ತಿಮಿಂಗಿಲ ಶಾರ್ಕ್‌ಗಳು ತಲೆಯ ಮೇಲೆ ತೇಲಿಹೋಗುವ ಗಾಜಿನ ಸುರಂಗದಲ್ಲಿ ಅರ್ಧ ಗಂಟೆ ನಿಲ್ಲಬಹುದು. ಪಕ್ಕದಲ್ಲಿರುವ ಕೋಕಾ ಕೋಲಾ ಪ್ರದರ್ಶನ ನನ್ನ ಲೆಕ್ಕದಲ್ಲಿ ಬಿಡಬಹುದಾದದ್ದು.

ಕಾಲಿಗೆ ಬಲವಿದ್ದರೆ ಸ್ಟೋನ್ ಮೌಂಟನ್ ಹತ್ತಿ. ಸುತ್ತಲಿನ ನೆಲದಿಂದ ಸುಮಾರು 250 ಮೀಟರ್ ಎತ್ತರದ ಒಂದೇ ಗ್ರಾನೈಟ್ ಬಂಡೆ. ಸಾವನದುರ್ಗ ಹತ್ತಿದವರಿಗೆ ಇದೇನೂ ಅಲ್ಲ, ನಡೆದಾರಿ 1.6 ಕಿ.ಮೀ. ಅಷ್ಟೇ. ಅದರ ಮೈಮೇಲೆ ದಕ್ಷಿಣದ ಬಂಡಾಯದ ಮೂವರು ನಾಯಕರನ್ನು ಕುದುರೆಗಳ ಸಮೇತ ಕೆತ್ತಿ 1972ರಲ್ಲಿ ಮುಗಿಸಿದರು. ಕ್ಲ್ಯಾನ್ ಸಂಘಟನೆ 1915ರಲ್ಲಿ ಮರುಹುಟ್ಟು ಪಡೆದದ್ದು ಇದರ ನೆತ್ತಿಯ ಮೇಲೆ, ಮತ್ತು ಸ್ವಾತಂತ್ರ್ಯದ ದನಿ ಈ ಬೆಟ್ಟದಿಂದಲೂ ಮೊಳಗಲಿ ಎಂದು ಕಿಂಗ್ 1963ರ ವಾಷಿಂಗ್ಟನ್ ಭಾಷಣದಲ್ಲಿ ಹೆಸರು ಹಿಡಿದು ಹೇಳಿದ್ದು ಇದನ್ನೇ. ಇಂದು ಅದರ ಮೇಲೆ ಸಂಜೆ ವಾಕಿಂಗಿಗೆ ಬರುವವರಲ್ಲಿ ಕಪ್ಪು ಕುಟುಂಬಗಳು, ಮೆಕ್ಸಿಕೋದವರು, ಚೂಡಿದಾರ್ ತೊಟ್ಟ ಅಜ್ಜಿಯರು ಎಲ್ಲರೂ ಇರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೆಕೆ ವಿಪರೀತ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಹತ್ತಿ ಇಳಿಯಿರಿ.

ಬಾಡಿಗೆ ಕಾರನ್ನು ಹಿಂದಿರುಗಿಸುವ ಕೇಂದ್ರ ವಿಮಾನ ನಿಲ್ದಾಣದ ದೇಶೀಯ ಟರ್ಮಿನಲ್ ಕಡೆ ಇದೆ, ನಿಮ್ಮ ವಿಮಾನ ಹೊರಡುವುದು ಅಂತರರಾಷ್ಟ್ರೀಯ ಟರ್ಮಿನಲ್‌ನಿಂದ. ನಡುವಿನ ಪಯಣಕ್ಕೆಂದೇ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಪೆಟ್ರೋಲ್ ಟ್ಯಾಂಕ್ ತುಂಬಿಸಿ ಕೊಡಿ, ಇಲ್ಲವಾದರೆ ಮಾರುಕಟ್ಟೆಗಿಂತ ಬಹಳ ಹೆಚ್ಚಿನ ದರ ಹಿಡಿಯುತ್ತಾರೆ. ಸಮ್ಮೇಳನದಲ್ಲಿ ಕೊಟ್ಟ ಪುಸ್ತಕಗಳ ಭಾರವನ್ನು ಎರಡು ಸೂಟ್‌ಕೇಸಿಗೂ ಹಂಚಿ. ಒಂದೊಂದಕ್ಕೆ 23 ಕೆ.ಜಿ. ಮೀರಿದರೆ ದಂಡ ಕಟ್ಟಬೇಕಾಗುವುದು ಸಾಮಾನ್ಯ.